ಕ್ರೀಡೆ ಮತ್ತು ತಂತ್ರಜ್ಞಾನ: ಬೀದರ್ ಜಿಲ್ಲೆ ಹಾಗೂ ಕರ್ನಾಟಕ

ಆಟದ ಅಂಗಳ, ಸಲಕರಣೆ, ತರಬೇತಿ, ತೀರ್ಪು ಮತ್ತು ಪ್ರಸಾರಗಳಲ್ಲಿ ಯಂತ್ರ, ಸೆನ್ಸರ್, ಕ್ಯಾಮೆರಾ ಹಾಗೂ ಕಂಪ್ಯೂಟರ್‌ಗಳ ಬಳಕೆಗೆ ಒಟ್ಟಾಗಿ ಕ್ರೀಡಾ ತಂತ್ರಜ್ಞಾನ ಎಂದು ಹೆಸರು. ಇದರ ವ್ಯಾಪ್ತಿ ದೊಡ್ಡದು: ಹಾಕಿಯ ಕೃತಕ ಹಾಸು, ಈಜುಗಾರರ ಉಡುಪು, ಕ್ರಿಕೆಟ್ಟಿನ ತೀರ್ಪು ಮರುಪರಿಶೀಲನೆ, ಕಂಬಳದ ಲೇಸರ್ ಗಡಿಯಾರ, ಮೊಬೈಲಿನಲ್ಲಿ ಬರುವ ಕನ್ನಡ ವೀಕ್ಷಕ ವಿವರಣೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇವನ್ನೆಲ್ಲ ಹೆಣೆಯುವ ಎಳೆ ಒಂದೇ, ಅದು ಅಳತೆ. ಕಣ್ಣಂದಾಜಿಗೂ ಅನುಭವಕ್ಕೂ ಬಿಟ್ಟಿದ್ದ ಸಂಗತಿಗಳನ್ನು ತಂತ್ರಜ್ಞಾನ ಅಂಕಿಗಳಿಗೆ ಇಳಿಸಿದೆ. ಆದರೆ ಏನನ್ನು ಅಳೆಯಬೇಕು, ಅಳೆದದ್ದನ್ನು ಯಾರು ಓದಬೇಕು, ಅಳೆಯುವ ಸಾಧನ ಯಾವ ಊರಿನವರೆಗೆ ಹೋಗಬೇಕು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ. ಕ್ರೀಡೆಗೆ ತಂತ್ರಜ್ಞಾನದಿಂದ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಎಂಬುದು ಈ ಮೂರು ತೀರ್ಮಾನಗಳ ಮೇಲೆ ನಿಂತಿದೆ. ರಾಜ್ಯದ ಉತ್ತರ ತುದಿಯ ಬೀದರ್ ಜಿಲ್ಲೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಬೀದರ್ ಬಳಿಯ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಕಾರ್ಮಿಕ ಐಪಿಎಲ್ ಬೌಲರ್‌ನ ಪ್ರತಿ ಎಸೆತದ ವೇಗವನ್ನು ಮೊಬೈಲಿನಲ್ಲಿ ನೋಡಬಲ್ಲ. ಅವನ ಮಗಳು ಶಾಲಾ ಕ್ರೀಡಾಕೂಟದಲ್ಲಿ ಓಡಿದ 100 ಮೀಟರ್ ಓಟದ ಸಮಯ ಮಾತ್ರ ಸಾಮಾನ್ಯವಾಗಿ ಮಾಸ್ತರರ ಹೆಬ್ಬೆರಳು ಸ್ಟಾಪ್‌ವಾಚನ್ನು ಎಷ್ಟು ಬೇಗ ಒತ್ತಿತು ಎಂಬುದರ ಮೇಲೆ ನಿಂತಿರುತ್ತದೆ.

ಹಿನ್ನೆಲೆ: ಮಣ್ಣಿನಿಂದ ಮ್ಯಾಟಿಗೆ

ಬೀದರ್, ಭಾಲ್ಕಿ, ಔರಾದ್ ಭಾಗದ ಜಾತ್ರೆಗಳಿಗೆ ಕುಸ್ತಿಯಿಲ್ಲದೆ ಕಳೆಯಿಲ್ಲ. ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಪೈಲ್ವಾನರು ಬರುತ್ತಾರೆ. ಹಲಗೆಯ ಬಡಿತದ ನಡುವೆ ತೆಂಗಿನಕಾಯಿ ಪಣದ ಹುಡುಗರ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕೊನೆಯ ಕುಸ್ತಿಗೆ ಮುಗಿಯುವುದು ಇಲ್ಲಿನ ಕ್ರಮ. ತಾಲೀಮಿನಲ್ಲಿ ಪಳಗಿಸಿದ ವಸ್ತಾದರು ಇಬ್ಬರ ಮೈಕಟ್ಟು, ತೋಳು, ಕತ್ತು ನೋಡಿ ಜೋಡಿ ಹಚ್ಚುತ್ತಾರೆ; ತಕ್ಕಡಿಯ ಮಾತು ಬರುವುದಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಗೆಲುವು, ಸುತ್ತ ಕೂತ ಸಾವಿರ ಜನರೂ ಅದಕ್ಕೆ ಸಾಕ್ಷಿ. ಒಲಿಂಪಿಕ್ ಮಾದರಿಯ ಮ್ಯಾಟ್ ಕುಸ್ತಿಯ ಲೆಕ್ಕವೇ ಬೇರೆ. ತಲಾ 3 ನಿಮಿಷಗಳ ಎರಡು ಅವಧಿ, ತೂಕದ ವಿಭಾಗ, ಹಿಡಿತಕ್ಕಿಷ್ಟು, ಗೆರೆಯಾಚೆ ತಳ್ಳಿದ್ದಕ್ಕಿಷ್ಟು ಎಂಬ ಅಂಕಗಳು. ಚಿತ್ ಆಗದೆಯೂ ಗೆಲುವು ಬರುವುದರಿಂದ, ಕಾಲು ಗೆರೆ ದಾಟಿತೇ, ಬೆನ್ನು ಎಷ್ಟು ವಾಲಿತು ಎಂಬ ಸೂಕ್ಷ್ಮಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ. ಬರಿಗಣ್ಣಿಗೆ ಅವು ಸಿಗುವುದಿಲ್ಲ. ಹಾಗಾಗಿ ತರಬೇತುದಾರ ವಿಡಿಯೊ ಮರುಪರಿಶೀಲನೆ ಕೇಳುವ, ಕೇಳಿ ಸೋತರೆ ಎದುರಾಳಿಗೆ ಒಂದು ಅಂಕ ಬಿಟ್ಟುಕೊಡುವ ನಿಯಮ ಬಂತು. ಕ್ಯಾಮೆರಾ ಬಂದು ನಿಯಮ ಬದಲಾಯಿತು ಎನ್ನುವುದಕ್ಕಿಂತ, ನಿಯಮ ಸೂಕ್ಷ್ಮವಾದದ್ದರಿಂದ ಕ್ಯಾಮೆರಾ ಅನಿವಾರ್ಯವಾಯಿತು ಎನ್ನುವುದು ಹೆಚ್ಚು ಸರಿ.

ಈ ಸೂಕ್ಷ್ಮತೆಗೆ ಎರಡು ಮುಖಗಳಿವೆ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್‌ಗೆ ಮುನ್ನ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು, ಮೇಲ್ಮನವಿಯೂ ಬಿದ್ದುಹೋಯಿತು. ಜಾತ್ರೆಯ ಕುಸ್ತಿಯಲ್ಲಿ 100 ಗ್ರಾಂ ಲೆಕ್ಕಕ್ಕೇ ಬಾರದು. ಆದರೆ ಹೆಣ್ಣುಮಕ್ಕಳಿಗೆ, ಸಣ್ಣ ಮೈಕಟ್ಟಿನವರಿಗೆ ಕುಸ್ತಿಯಲ್ಲಿ ಒಲಿಂಪಿಕ್ಸ್‌ವರೆಗಿನ ದಾರಿ ತೆರೆದದ್ದೂ ಆ ತಕ್ಕಡಿ ಮತ್ತು ಮ್ಯಾಟಿನ ವ್ಯವಸ್ಥೆಯೇ. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿದ್ದು 2004ರಲ್ಲಿ. ಹಾಕಿಯ ಕಥೆಯೂ ಇದನ್ನೇ ಹೇಳುತ್ತದೆ. ಹುಲ್ಲಿನ ಅಂಗಳದಲ್ಲಿ 1975ರ ವಿಶ್ವಕಪ್ ಗೆದ್ದ ಭಾರತ ತಂಡ, ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹಾಸು ಬಳಸಿದ 1976ರ ಮಾಂಟ್ರಿಯಲ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡಗಳಲ್ಲಿದ್ದರು. ಆಟಗಾರರ ಕೈಚಳಕ ಒಂದೇ ವರ್ಷದಲ್ಲಿ ಮಾಯವಾಗಿರಲಿಲ್ಲ. ಜಾಗತಿಕ ನಿಯಮವೊಂದು ದುಬಾರಿ ಹಾಸನ್ನು ಆಟದ ಅಂಗವಾಗಿಸಿತು, ಆ ಹಾಸು ನಮ್ಮ ಆಟಗಾರರ ಊರುಗಳಿಗೆ ಬರಲು ದಶಕಗಳೇ ಹಿಡಿದವು. ಸೋಲಿಗೆ ಕಾರಣಗಳು ಬೇರೆಯೂ ಇದ್ದವು, ಆದರೆ ಈ ವಿಳಂಬವನ್ನು ಬಿಟ್ಟು ಅದನ್ನು ವಿವರಿಸಲಾಗದು.

ಕ್ರೀಡಾಪಟು ಮತ್ತು ಅಂಕಿ

ಓಟದಲ್ಲಿ ಅಳತೆಯ ಬೆಲೆ ಎಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. ಕೈಯಿಂದ ಒತ್ತುವ ಸ್ಟಾಪ್‌ವಾಚಿನ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 100 ಮೀಟರ್ ಓಟಕ್ಕೆ 0.24 ಸೆಕೆಂಡು ಕೂಡಿಸುವುದು ವಾಡಿಕೆ. ಪಿಸ್ತೂಲಿನ ಸದ್ದಿಗೆ ಗಡಿಯಾರ ಒತ್ತುವ ಬೆರಳು ತಡಮಾಡುತ್ತದೆ, ಕೊನೆಯ ಗೆರೆಯಲ್ಲಿ ಓಟಗಾರನ ಬರವನ್ನು ಊಹಿಸಿ ಬೇಗ ಒತ್ತುತ್ತದೆ. 12 ಸೆಕೆಂಡಿನಲ್ಲಿ 100 ಮೀಟರ್ ಓಡುವ ಹುಡುಗನಿಗೆ 0.24 ಸೆಕೆಂಡೆಂದರೆ 2 ಮೀಟರ್ ಅಂತರ. ವಲಯ, ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ಆಮೇಲೆ ರಾಜ್ಯ ಮಟ್ಟ ಎಂದು ಏಣಿ ಹತ್ತುವ ಬೀದರಿನ ವಿದ್ಯಾರ್ಥಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ಸಿಗುವ ಅಂಕಿ ಒರಟು, ಮೇಲಿನ ಮೆಟ್ಟಿಲಿನ ಅಂಕಿ ನಿಖರ. ತಾನು ನಿಜಕ್ಕೂ ಎಷ್ಟು ವೇಗವಾಗಿ ಓಡುತ್ತೇನೆ ಎಂಬುದೇ ತಿಳಿಯದೆ ಸ್ಪರ್ಧೆಗೆ ಇಳಿಯುವುದು ಪ್ರತಿಭೆಯ ಕೊರತೆಯಲ್ಲ, ಅಳತೆಯ ಕೊರತೆ. ರಾಜಧಾನಿಯಿಂದ ಸುಮಾರು 700 ಕಿ.ಮೀ. ದೂರದ ಜಿಲ್ಲೆಗೆ ಈ ಕೊರತೆ ಹೆಚ್ಚಾಗಿಯೇ ತಟ್ಟುತ್ತದೆ.

ಹಾಗೆಂದು ನಿಖರ ಅಂಕಿ ಸಿಕ್ಕಿತೆಂದರೆ ಸತ್ಯವೂ ಸಿಕ್ಕಿತೆಂದಲ್ಲ. ದಕ್ಷಿಣ ಕನ್ನಡದ ಐಕಳದಲ್ಲಿ 2020ರ ಫೆಬ್ರವರಿಯಲ್ಲಿ ನಡೆದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಭಾಗಿಸಿ ನೋಡಿದವರಿಗೆ 100 ಮೀಟರಿಗೆ ಸುಮಾರು 9.56 ಸೆಕೆಂಡು ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ದೇಶವಿಡೀ ಗೌಡರ ಹೆಸರು ಹಬ್ಬಿತು, ಭಾರತೀಯ ಕ್ರೀಡಾ ಪ್ರಾಧಿಕಾರದಿಂದ (ಸಾಯ್) ಪರೀಕ್ಷೆಗೆ ಕರೆಯೂ ಬಂತು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಅವರು ಹೋಗಲಿಲ್ಲ. ಅವರ ಮಾತಿನಲ್ಲಿ ವಿಜ್ಞಾನವಿತ್ತು. ಗೌಡರ ಅಂಕಿ ಕೋಣಗಳ ಸೆಳೆತವೂ ಸೇರಿದ, ಕೆಸರುಗದ್ದೆಯ ಪೂರ್ತಿ ಓಟದ ಸರಾಸರಿ. ಬೋಲ್ಟ್‌ನ ಅಂಕಿಯಲ್ಲಿ ನಿಂತಲ್ಲಿಂದ ಎದ್ದು ವೇಗ ಹಿಡಿಯುವ ಸಮಯವೂ ಸೇರಿದೆ. ಆ ಓಟದ ಉತ್ತುಂಗದಲ್ಲಿ ಆತ ಸೆಕೆಂಡಿಗೆ 12 ಮೀಟರಿಗೂ ಹೆಚ್ಚು ದೂರ ಸಾಗಿದ್ದ. ಕಂಬಳದ ಗಡಿಯಾರದಲ್ಲಿ ತಪ್ಪಿರಲಿಲ್ಲ, ಅದರ ಅಂಕಿಯನ್ನು ಇನ್ನೊಂದು ಆಟಕ್ಕೆ ಹೊಂದಿಸಿದ್ದು ತಪ್ಪು. ಸೆಕೆಂಡಿನ ನೂರನೆಯ ಭಾಗಗಳಲ್ಲಿ ಗೆಲುವು ನಿರ್ಧಾರವಾಗುವ ಕಂಬಳಕ್ಕೆ ಲೇಸರ್ ಗಡಿಯಾರ ವಿವಾದ ತಗ್ಗಿಸಿ ನ್ಯಾಯ ತಂದಿದೆ. ಅದೇ ಅಂಕಿ ಕಂಬಳದ ಚೌಕಟ್ಟು ದಾಟಿದಾಗ ಬರೀ ಸುದ್ದಿಯಾಯಿತು.

ಸಲಕರಣೆಯೇ ಆಟಗಾರನನ್ನು ಮೀರಿ ಗೆಲ್ಲತೊಡಗಿದಾಗ ಕ್ರೀಡಾ ಸಂಸ್ಥೆಗಳು ಗೆರೆ ಎಳೆಯಬೇಕಾಗುತ್ತದೆ. ಪಾಲಿಯುರಿಥೇನ್ ಉಡುಪುಗಳ ಅಬ್ಬರದಲ್ಲಿ 2009ರ ರೋಮ್ ವಿಶ್ವ ಈಜು ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ಬಿದ್ದವು. 2010ರ ಜನವರಿಯಿಂದ ಅಂಥ ಉಡುಪು ನಿಷಿದ್ಧ. ರಸ್ತೆ ಓಟದ ಶೂಗಳ ಅಡಿ 40 ಮಿ.ಮೀ.ಗಿಂತ ದಪ್ಪವಿರಬಾರದೆಂಬ ನಿಯಮ 2020ರಲ್ಲಿ ಬಂತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಸರಳ ಸಾಧನವೊಂದು ಆಟವನ್ನೇ ಸಾಧ್ಯವಾಗಿಸಿದ ಉದಾಹರಣೆ ಅಂಧರ ಕ್ರಿಕೆಟ್. ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳನ್ನು ತುಂಬಿರುತ್ತಾರೆ, ಅದು ಉರುಳುವಾಗಿನ ಗಲಗಲ ಸದ್ದೇ ಬ್ಯಾಟರ್‌ಗೆ ದಾರಿ ತೋರುತ್ತದೆ. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್‌ನ ಫೈನಲ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದ ಭಾರತ ಪಾಕಿಸ್ತಾನವನ್ನು ಸೋಲಿಸಿತು. ತಂತ್ರಜ್ಞಾನವೆಂದರೆ ದುಬಾರಿ ಯಂತ್ರವೇ ಆಗಬೇಕೆಂಬ ಭಾವನೆಗೆ ಆ ಚೆಂಡೇ ಉತ್ತರ.

ತರಬೇತುದಾರ: ಅಂಕಿಯನ್ನು ಓದುವವನು

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ 41 ವರ್ಷಗಳ ಬಳಿಕ ಪದಕ ಗೆದ್ದಿತು, ಮಹಿಳೆಯರು ಮೊದಲ ಸಲ ಸೆಮಿಫೈನಲ್ ತಲುಪಿ ನಾಲ್ಕನೆಯವರಾದರು. ಎರಡೂ ತಂಡಗಳು ಪಳಗಿದ್ದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ. ಬೆನ್ನಿನ ಮೇಲ್ಭಾಗದಲ್ಲಿ ಪುಟ್ಟ ಜಿಪಿಎಸ್ ಸಾಧನವಿಟ್ಟ ಒಳಅಂಗಿ ತೊಟ್ಟು ಆಟಗಾರರು ಎಷ್ಟು ದೂರ ಓಡಿದರು, ಅದರಲ್ಲಿ ಎಷ್ಟು ಭಾಗ ಪೂರ್ಣ ವೇಗದ್ದು ಎಂಬುದು ದಾಖಲಾಗುತ್ತದೆ. ಮಹಿಳಾ ತಂಡದಲ್ಲಿ ವೈಜ್ಞಾನಿಕ ಸಲಹೆಗಾರ ವೇಯ್ನ್ ಲೊಂಬಾರ್ಡ್ ಅವರ ಕೆಲಸವೇ ಈ ಅಂಕಿಗಳನ್ನು ಮರುದಿನದ ಅಭ್ಯಾಸವಾಗಿ ಮಾರ್ಪಡಿಸುವುದಾಗಿತ್ತು. ಗಮನಿಸಬೇಕಾದದ್ದು ಇಲ್ಲಿದೆ. ಸಾಧನ ಹಣಕ್ಕೆ ಸಿಗುತ್ತದೆ, ಅದನ್ನು ಓದಿ ಇವತ್ತು ಈ ಹುಡುಗಿಗೆ ಓಟ ಸಾಕು ಎನ್ನಬಲ್ಲವರು ಸಿಗುವುದು ಕಷ್ಟ. ಕಲ್ಯಾಣ ಕರ್ನಾಟಕದಲ್ಲೇ ಇರುವ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಆರಂಭಿಸಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಹೆಚ್ಚುಗಾರಿಕೆಯೂ ಇದೇ: ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ತರಬೇತಿ ಮತ್ತು ಕ್ರೀಡಾ ವಿಜ್ಞಾನದ ವಿಭಾಗ ಅಲ್ಲಿ ಒಂದೇ ಆವರಣದಲ್ಲಿವೆ, ಆದ್ದರಿಂದ ಅಳೆಯುವವರೂ ಕಲಿಸುವವರೂ ಒಬ್ಬರೊಡನೊಬ್ಬರು ಮಾತಾಡಬಹುದು. ಅನಿಲ್ ಕುಂಬ್ಳೆ ಸ್ಥಾಪಿಸಿದ ಬೆಂಗಳೂರಿನ ಸ್ಪೆಕ್ಟಾಕಾಮ್ ಸಂಸ್ಥೆ 2018ರಲ್ಲಿ ಬ್ಯಾಟಿಗೆ ಅಂಟಿಸುವ ಹಗುರ ಸೆನ್ಸರನ್ನು ತಂದಿತು. ಹೊಡೆತದ ವೇಗ, ಬ್ಯಾಟಿನ ತಿರುಚು, ಚೆಂಡು ತಗುಲಿದ ಜಾಗದ ಗುಣವನ್ನು ಅದು ಅಂಕಿಯಾಗಿಸುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು ಕೋಚ್ ಆ ಅಂಕಿಯಿಂದ ಕಾಲಿನ ಚಲನೆಯ ದೋಷವನ್ನು ಹಿಡಿದಾಗ.

ಬೀದರಿನಂಥ ಜಿಲ್ಲೆಗೆ ಇದರಿಂದ ನಿರಾಶೆಗಿಂತ ಭರವಸೆಯೇ ಹೆಚ್ಚು. ಈಗಿನ ಹಲವು ಮೊಬೈಲುಗಳು ಸೆಕೆಂಡಿಗೆ 240 ಚಿತ್ರಗಳ ವೇಗದಲ್ಲಿ ಚಿತ್ರೀಕರಿಸುತ್ತವೆ. ವೇಗದ ಓಟಗಾರನ ಪಾದ ನೆಲಕ್ಕೆ ತಾಗಿರುವುದು ಸುಮಾರು 0.1 ಸೆಕೆಂಡು ಮಾತ್ರ. ಸಾಮಾನ್ಯ ವಿಡಿಯೊದ 30 ಚಿತ್ರಗಳ ವೇಗದಲ್ಲಿ ಆ ಕ್ಷಣ ಮೂರು ಚಿತ್ರಗಳಲ್ಲಿ ಮುಗಿದುಹೋಗುತ್ತದೆ, ನಿಧಾನಗತಿಯ ಚಿತ್ರೀಕರಣದಲ್ಲಿ 24 ಚಿತ್ರಗಳಾಗಿ ಬಿಡಿಬಿಡಿಯಾಗಿ ಸಿಗುತ್ತದೆ. ಉದ್ದ ಜಿಗಿತದ ಹಲಗೆಗೆ ಪಾದ ಎಲ್ಲಿ ಬಿತ್ತು, ಸೊಂಟ ಕುಸಿಯಿತೇ, ಹಿಮ್ಮಡಿ ಮೊದಲು ತಾಗಿತೇ ಎಂಬುದನ್ನು ಔರಾದ್ ತಾಲ್ಲೂಕಿನ ದೈಹಿಕ ಶಿಕ್ಷಕರೊಬ್ಬರು ತಮ್ಮ ಜೇಬಿನಲ್ಲಿರುವ ಸಾಧನದಿಂದಲೇ ವಿದ್ಯಾರ್ಥಿನಿಗೆ ತೋರಿಸಬಹುದು. ಕುಸ್ತಿಯ ಪಟ್ಟು ಎಲ್ಲಿ ಜಾರಿತೆಂದು ವಸ್ತಾದರೂ ತೋರಿಸಬಹುದು. ಇದಕ್ಕೆ ಬೇಕಾದದ್ದು ಆ ಚಿತ್ರದಲ್ಲಿ ಏನು ನೋಡಬೇಕೆಂದು ಕಲಿಸುವ ನಾಲ್ಕಾರು ದಿನಗಳ ತರಬೇತಿ.

ತೀರ್ಪು

ಕ್ರಿಕೆಟ್ಟಿನ ತೀರ್ಪು ಮರುಪರಿಶೀಲನೆಯ ಚರಿತ್ರೆಯಲ್ಲಿ ಕನ್ನಡಿಗರೊಬ್ಬರು ಮತ್ತೆ ಮತ್ತೆ ಎದುರಾಗುತ್ತಾರೆ. ಈ ಪದ್ಧತಿ ಮೊದಲು ಪ್ರಯೋಗವಾದದ್ದು 2008ರ ಜುಲೈ–ಆಗಸ್ಟ್‌ನಲ್ಲಿ, ಶ್ರೀಲಂಕಾದಲ್ಲಿ ಭಾರತ ಆಡಿದ ಟೆಸ್ಟ್ ಸರಣಿಯಲ್ಲಿ. ಆಗ ಭಾರತದ ನಾಯಕ ಅನಿಲ್ ಕುಂಬ್ಳೆ. ಆ ಸರಣಿಯಲ್ಲಿ ಭಾರತದ ಕೋರಿಕೆಗಳಲ್ಲಿ ಫಲಿಸಿದ್ದು ಒಂದೇ ಒಂದು. ಚೆಂಡಿನ ಮುಂದಿನ ದಾರಿಯನ್ನು ಕಂಪ್ಯೂಟರ್ ಊಹಿಸುವುದರ ಮೇಲೆ ವಿಶ್ವಾಸವಿಲ್ಲವೆಂದು ಭಾರತದ ಕ್ರಿಕೆಟ್ ಮಂಡಳಿ ವರ್ಷಗಟ್ಟಲೆ ಇದನ್ನು ದೂರವಿಟ್ಟಿತು. ಕ್ಯಾಮೆರಾಗಳ ವೇಗ ಹೆಚ್ಚಿ, ಐಸಿಸಿ ಕ್ರಿಕೆಟ್ ಸಮಿತಿ ಅಮೆರಿಕದ ಎಂಐಟಿಯಲ್ಲಿ ಸಾಧನಗಳನ್ನು ಪರೀಕ್ಷೆಗೆ ಒಡ್ಡಿದ ಬಳಿಕ, 2016ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಸರಣಿಗೆ ಭಾರತ ಒಪ್ಪಿತು. ಆ ಸಮಿತಿಯ ಅಧ್ಯಕ್ಷರೂ ಕುಂಬ್ಳೆಯೇ. ಸಾಧನವನ್ನು ಕುರುಡಾಗಿ ನಂಬದೆ, ಕುರುಡಾಗಿ ತಳ್ಳಿಯೂ ಹಾಕದೆ, ಪರೀಕ್ಷೆಗೆ ಹಚ್ಚಿ ಒಪ್ಪಿದ ಈ ಕ್ರಮ ಇತರ ಆಟಗಳಿಗೂ ಮಾದರಿ. ಚೆಂಡು ಸ್ಟಂಪಿಗೆ ಅಂಚಿನಲ್ಲಿ ಮಾತ್ರ ತಗುಲುವುದೆಂದು ಯಂತ್ರ ತೋರಿದರೆ ಮೈದಾನದ ಅಂಪೈರ್ ಕೊಟ್ಟ ತೀರ್ಪೇ ಉಳಿಯುವ ‘ಅಂಪೈರ್ಸ್ ಕಾಲ್’ ನಿಯಮ ಪ್ರೇಕ್ಷಕರಿಗೆ ಇಬ್ಬಂದಿತನವೆನಿಸಬಹುದು. ವಾಸ್ತವದಲ್ಲಿ ಅದು ಯಂತ್ರದ ಅನಿಶ್ಚಿತತೆಯನ್ನು ನಿಯಮವೇ ಒಪ್ಪಿಕೊಂಡ ಪ್ರಾಮಾಣಿಕತೆ.

ಯಂತ್ರ ಬಂದರೆ ವಿವಾದ ಮುಗಿಯುವುದೆಂಬ ನಿರೀಕ್ಷೆ ಹುಸಿಯಾದದ್ದು ಬೆಂಗಳೂರಿನಲ್ಲೇ. 2017ರ ಮಾರ್ಚ್ 7ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಉಮೇಶ್ ಯಾದವ್ ಎಸೆತಕ್ಕೆ ಎಲ್‌ಬಿಡಬ್ಲ್ಯು ಆದ ಆಸ್ಟ್ರೇಲಿಯಾ ನಾಯಕ ಸ್ಟೀವ್ ಸ್ಮಿತ್, ಮರುಪರಿಶೀಲನೆ ಕೇಳಬೇಕೇ ಎಂದು ಡ್ರೆಸಿಂಗ್ ರೂಮಿನತ್ತ ನೋಡಿದರು. ಹೊರಗಿನ ನೆರವು ಪಡೆಯುವಂತಿಲ್ಲ. ಅಂಪೈರ್ ನೈಜೆಲ್ ಲಾಂಗ್ ನಡುವೆ ಬಂದು ತಡೆದರು, ವಿರಾಟ್ ಕೊಹ್ಲಿ ಕೆರಳಿದರು. ಭಾರತ 75 ರನ್‌ಗಳಿಂದ ಗೆದ್ದ ಆ ಟೆಸ್ಟ್ ಹೆಚ್ಚಾಗಿ ನೆನಪಾಗುವುದು ಈ ನೋಟಕ್ಕಾಗಿ. ವಿವಾದ ಚೆಂಡಿನ ದಾರಿಯಿಂದ ಆಟಗಾರನ ನಡತೆಗೆ ಸರಿದಿತ್ತು, ಅದನ್ನು ಬಗೆಹರಿಸಲು ಅಂಪೈರೇ ಬೇಕಾಯಿತು. ಅದೇ ಅಂಗಳದ ನೆಲದಡಿಯಲ್ಲೂ ಒಂದು ಪಾಠವಿದೆ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್‌ನ ನಾಲ್ಕು ದಿನಗಳನ್ನು ಮಳೆ ನುಂಗಿತು. ಬಳಿಕ ರಾಜ್ಯ ಕ್ರಿಕೆಟ್ ಸಂಸ್ಥೆ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆಯನ್ನು ಅಳವಡಿಸಿತು. ಕ್ರಿಕೆಟ್ ಅಂಗಳವೊಂದರಲ್ಲಿ ಅದು ಜಗತ್ತಿನಲ್ಲೇ ಮೊದಲು. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನ ಮೊದಲ ದಿನ ಮಳೆಗೆ ಹೋದರೂ ಮರುದಿನ ಆಟ ನಡೆಯಿತು, ಭಾರತ 46ಕ್ಕೆ ಆಲೌಟಾಯಿತು. ತಂತ್ರಜ್ಞಾನ ಆಟಕ್ಕೆ ಅವಕಾಶ ಕಲ್ಪಿಸಿತು, ಫಲಿತಾಂಶಕ್ಕೆ ಭರವಸೆ ಕೊಡಲಿಲ್ಲ.

ಪ್ರೇಕ್ಷಕ

ಹೆಚ್ಚು ಸಮಾನವಾಗಿ ಹಂಚಿಕೆಯಾದ ಕ್ರೀಡಾ ತಂತ್ರಜ್ಞಾನವೆಂದರೆ ಪ್ರಸಾರ. ಮಣ್ಣಿನಿಂದ ಮ್ಯಾಟಿಗೆ ಬಂದ ಕಬಡ್ಡಿ, 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯ ಮೂಲಕ ಮನೆಮನೆ ಸೇರಿತು. 30 ಸೆಕೆಂಡುಗಳ ದಾಳಿಗೆ ಪರದೆಯ ಗಡಿಯಾರ ಬಿಗುವು ತಂದಿತು, ಬೋನಸ್ ಗೆರೆಯ ಮೇಲಿನ ಪಾದವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಅಂಕ ತಂದರು. 2018ರ ಕೊನೆಗೆ ಕನ್ನಡದ್ದೇ ಕ್ರೀಡಾ ವಾಹಿನಿ ಬಂತು. 2023ರಲ್ಲಿ ಮೊಬೈಲಿನಲ್ಲಿ ಐಪಿಎಲ್ ಉಚಿತವಾಗಿ 12 ಭಾಷೆಗಳಲ್ಲಿ ಸಿಕ್ಕಿತು, ಫೈನಲನ್ನು ಒಂದೇ ಹೊತ್ತಿಗೆ ನೋಡುತ್ತಿದ್ದವರ ಸಂಖ್ಯೆ 3.2 ಕೋಟಿ ಮುಟ್ಟಿತು. ಕನ್ನಡ, ಮರಾಠಿ, ತೆಲುಗು, ಹಿಂದಿ ಒಂದೇ ಓಣಿಯಲ್ಲಿ ಕೇಳಿಬರುವ ಭಾಲ್ಕಿ, ಔರಾದ್‌ಗಳಲ್ಲಿ ಒಂದೇ ಪಂದ್ಯವನ್ನು ತಮ್ಮ ತಮ್ಮ ಮನೆಮಾತಿನಲ್ಲಿ ಕೇಳುವ ಅನುಕೂಲ ಸಣ್ಣದಲ್ಲ.

ಆದರೆ ಅಭಿಮಾನಿಯೂ ಅಳತೆಗೆ ಸಿಕ್ಕಿದ್ದಾನೆ. ಅವನ ನೋಟ, ಬೆರಳಿನ ಚಲನೆ, ಊಹೆ ಎಲ್ಲವೂ ಮಾರಾಟದ ಸರಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೇ ಅಂಥ ಆಟಗಳನ್ನು ನಿಷೇಧಿಸಿತು. ಇನ್ನೊಂದು ಅಪಾಯ ಜೀವಕ್ಕೇ ಬಂತು. ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ಮರುದಿನ, 2025ರ ಜೂನ್ 4ರಂದು, ವಿಜಯೋತ್ಸವದ ಸುದ್ದಿ ಗಂಟೆಗಳೊಳಗೆ ಜಾಲತಾಣಗಳಲ್ಲಿ ಹಬ್ಬಿ ಲಕ್ಷಾಂತರ ಜನ ನೆರೆದರು. ಸುಮಾರು 35,000 ಆಸನಗಳ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಜನರನ್ನು ಕರೆಯುವ ತಂತ್ರಜ್ಞಾನ ಮಿಂಚಿನ ವೇಗದ್ದಾಗಿತ್ತು. ಅವರನ್ನು ಎಣಿಸಿ, ದಾರಿ ಮಾಡಿ, ಕಾಯುವ ವ್ಯವಸ್ಥೆ ಅದರ ಹತ್ತಿರಕ್ಕೂ ಬರಲಿಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ, ಅಳತೆಯಿಂದ ಆಟದ ಸೊಗಸು ಸೊರಗುತ್ತದೆ ಎಂಬುದು. ಕೊಡಗಿನ ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ 360 ಕುಟುಂಬಗಳಿಗೆ ಬೆಳೆಯಿತು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ, ಜಿಪಿಎಸ್ ಅಂಗಿ ಬೇಕಿಲ್ಲ. ಬೀದರಿನ ಜಾತ್ರೆ ಕುಸ್ತಿಗೂ ತಕ್ಕಡಿ ಬೇಕಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ: ಎಲ್ಲ ಆಟವನ್ನೂ ಅಳೆಯಲೇಬೇಕೆಂಬ ಹಟ ತಪ್ಪು. ಆದರೆ ತಾಲೀಮಿನ ಹುಡುಗನಿಗೆ ರಾಷ್ಟ್ರೀಯ ಕೂಟದ ಆಸೆಯಿದ್ದರೆ ಮಣ್ಣಿನ ಸೊಗಸು ಹೇಳಿ ಮ್ಯಾಟನ್ನು ನಿರಾಕರಿಸುವುದು ಅವನಿಗೆ ಮಾಡುವ ಅನ್ಯಾಯ. ಎರಡೂ ಜೊತೆಯಲ್ಲೇ ಬಾಳಬಹುದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ತಂತ್ರಜ್ಞಾನ ಇದ್ದವರನ್ನು ಮುಂದೊಯ್ಯುತ್ತದೆ, ಇಲ್ಲದವರನ್ನು ಹಿಂದೆ ಬಿಡುತ್ತದೆ. ಹಾಕಿಯ ಹಾಸಿನ ಕಥೆ ಇದನ್ನು ಪುಷ್ಟೀಕರಿಸುತ್ತದೆ. ಆದರೆ ಅಳತೆಯಿಲ್ಲದ ಕಾಲದಲ್ಲೂ ಸಮಾನತೆ ಇರಲಿಲ್ಲ. ಆಯ್ಕೆಗಾರರ ಕಣ್ಣು ನಗರದ ಕ್ಲಬ್ಬುಗಳ ಮೇಲೆಯೇ ಇರುತ್ತಿತ್ತು. ಬೀದರಿನಲ್ಲಿ ದಾಖಲಾದ ನಿಖರ ಸಮಯವೊಂದು ಬೆಂಗಳೂರಿನ ಆಯ್ಕೆಗಾರರ ಮೇಜಿಗೆ ಶಿಫಾರಸಿಲ್ಲದೆ ತಲುಪಬಲ್ಲದು. ಅಂತರವನ್ನು ಹಿಗ್ಗಿಸುವುದು ಅಳತೆಯ ಅಸಮ ಹಂಚಿಕೆ, ಪರಿಹಾರವೂ ಹಂಚಿಕೆಯಲ್ಲೇ ಇದೆ. ಮೂರನೆಯದು, ಆಟಗಾರರ ದೇಹದ ಮಾಹಿತಿ ಯಾರದ್ದು ಎಂಬ ಪ್ರಶ್ನೆ. ಗಾಯ, ನಿದ್ದೆ, ಮುಟ್ಟಿನ ಚಕ್ರದ ವಿವರಗಳು ಆಯ್ಕೆಯಿಂದ ಕೈಬಿಡಲು ನೆಪವಾಗಬಹುದು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಒಪ್ಪಿಗೆ ಕ್ರೀಡಾ ವಸತಿ ನಿಲಯದ ಪ್ರವೇಶ ಅರ್ಜಿಯ ಕೊನೆಯ ಸಹಿಯಾಗಿ ಉಳಿಯಬಾರದು. ಏನನ್ನು ಅಳೆಯುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂದು ಪೋಷಕರಿಗೆ ಅವರ ಭಾಷೆಯಲ್ಲೇ ಹೇಳಬೇಕು.

ಜಿಲ್ಲಾ ಮಟ್ಟದ ಆದ್ಯತೆ

ಇವಿಷ್ಟರಿಂದ ಬೀದರಿನಂಥ ಜಿಲ್ಲೆಗೆ ಒಂದು ಆದ್ಯತೆಯ ಕ್ರಮ ಹೊಮ್ಮುತ್ತದೆ. ಮೊದಲು ಓದಬಲ್ಲವರು: ದೈಹಿಕ ಶಿಕ್ಷಕರಿಗೂ ತಾಲೀಮಿನ ವಸ್ತಾದರಿಗೂ ವಿಡಿಯೊ ವಿಶ್ಲೇಷಣೆ, ಗಾಯದ ಆರಂಭಿಕ ಲಕ್ಷಣ, ಅಭ್ಯಾಸದ ಹೊರೆ ಲೆಕ್ಕಹಾಕುವ ತರಬೇತಿ. ಎರಡನೆಯದು ಹಂಚಿಕೊಳ್ಳಬಹುದಾದ ಅಳತೆ: ಜಿಲ್ಲಾ ಕ್ರೀಡಾಕೂಟಗಳಲ್ಲಿ ಎಲೆಕ್ಟ್ರಾನಿಕ್ ಸಮಯ, ತಾಲ್ಲೂಕು ಕೇಂದ್ರಗಳಲ್ಲಿ ಕುಸ್ತಿ, ಕಬಡ್ಡಿಯ ಮ್ಯಾಟ್. ದುಬಾರಿ ಸೆನ್ಸರ್ ಮತ್ತು ಪ್ರಯೋಗಾಲಯಗಳು ಮೂರನೆಯವು. ಅವು ಪ್ರತಿ ಊರಿನಲ್ಲಿ ಬೇಕಿಲ್ಲ, ತೋರಣಗಲ್ಲು, ಬೆಂಗಳೂರುಗಳಂಥ ಕಡೆ ಇದ್ದು ಆಯ್ಕೆಯಾದವರನ್ನು ಅಲ್ಲಿಗೆ ಕಳಿಸುವ ದಾರಿ ಗಟ್ಟಿಯಿದ್ದರೆ ಸಾಕು. ಸಾಮಾನ್ಯವಾಗಿ ನಡೆಯುವುದು ಇದರ ತದ್ವಿರುದ್ಧ: ಮೊದಲು ಕಟ್ಟಡ, ಆಮೇಲೆ ಯಂತ್ರ, ಕೊನೆಗೆ ನೆನಪಾದರೆ ಮನುಷ್ಯ. ಈ ಅನುಕ್ರಮ ತಿರುಗಿದಾಗಲೇ ತಂತ್ರಜ್ಞಾನ ಹೊಸ ಪ್ರತಿಭೆಯನ್ನು ಪತ್ತೆಹಚ್ಚುವ ಕೆಲಸ ಮಾಡುತ್ತದೆ. ಇಲ್ಲವಾದರೆ ಈಗಾಗಲೇ ಗೆಲ್ಲುತ್ತಿರುವವರ ಗೆಲುವನ್ನು ಇನ್ನಷ್ಟು ನಿಖರವಾಗಿ ದಾಖಲಿಸುವುದಕ್ಕಷ್ಟೇ ಅದು ಬಳಕೆಯಾಗುತ್ತದೆ.